ರವಿವಾರದ ಕರಿ ಕೋಟು

ನಾನೊಂದು ಕರಿ ಕೋಟು. ಉಣ್ಣೆಯ ಬಟ್ಟೆ, ಒಳಗೆ ನುಣುಪಾದ ಅಸ್ತರು, ಎದೆಯ ಮೇಲೆ ಮೂರು ಗುಂಡಿ. ಹುಬ್ಬಳ್ಳಿಯ ಒಂದು ಇಕ್ಕಟ್ಟಾದ ಓಣಿಯಲ್ಲಿ ಟೇಲರ್ ಅಬ್ದುಲ್‌ಗನಿ ನನ್ನನ್ನು ಹೊಲಿದ. ನಾನು ಗೌರವ ಇಟ್ಟುಕೊಂಡ ಮನುಷ್ಯ ಅವನೊಬ್ಬನೇ. ಕೆಲಸ ಮಾಡುವಾಗ ಅವನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದ, ಹಾಗಾಗಿ ಮಾತಾಡುತ್ತಿರಲಿಲ್ಲ. ಆಮೇಲೆ ನನ್ನ ಪಾಲಿಗೆ ಬಂದವರೆಲ್ಲ ಬಾಯಿ ಖಾಲಿ ಇದ್ದವರು.

ನನ್ನನ್ನು ಹೊಲಿಸಿದವರು ಬೆಟಗೇರಿಯ ನಥಾನಿಯೇಲಪ್ಪ ಬೆನ್ನೂರ. ಹೈಸ್ಕೂಲಿನ ಹೆಡ್‌ಮಾಸ್ತರರು, ಚರ್ಚಿನ ಸಭಾಹಿರಿಯರು. ವಾರದ ಆರು ದಿನ ನಾನು ಕಪಾಟಿನಲ್ಲಿ ಡಾಂಬರು ಗುಳಿಗೆಗಳ ಜೊತೆ ಇರುತ್ತಿದ್ದೆ. ಏಳನೆಯ ದಿನ ಅವರು ನನ್ನನ್ನು ತೊಟ್ಟು, ಗಂಟಲು ಸರಿಮಾಡಿಕೊಂಡು, ದೇವರನ್ನು ಕಾಣಲು ಹೊರಡುತ್ತಿದ್ದರು. ದೇವರೆಂದರೆ ಅವರಿಗೆ ಶಾಲೆಯ ಇನ್‌ಸ್ಪೆಕ್ಟರ್ ಇದ್ದ ಹಾಗೆ. ಎದುರಿಗೆ ಇದ್ದಷ್ಟು ಹೊತ್ತು ನೆಟ್ಟಗೆ ನಿಂತು, ಹೋದಮೇಲೆ ನಿಟ್ಟುಸಿರು ಬಿಟ್ಟರೆ ಮುಗಿಯಿತು. ಮನೆಗೆ ಬಂದು ನನ್ನನ್ನು ಕಳಚಿದೊಡನೆ ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೆಂಡತಿಯ ಮೇಲೆ ತಟ್ಟೆ ಎಸೆಯುತ್ತಿದ್ದರು. ನನ್ನ ಮೇಲೆ ಸಾರಿನ ಕಲೆ ಬೀಳದಿರಲೆಂದು ಅಷ್ಟು ಹೊತ್ತು ತಡೆದುಕೊಂಡಿರುತ್ತಿದ್ದರಲ್ಲ, ಅದೇ ಅವರ ಭಕ್ತಿ.

ಅವರು ಸತ್ತಾಗ ನನ್ನನ್ನು ಹಾಕಿಯೇ ಪೆಟ್ಟಿಗೆಯಲ್ಲಿಡಬೇಕು ಎಂದು ಹಿರಿಯರು ಹೇಳಿದರು. ಮಗ ಸತ್ಯಮಿತ್ರ ಹೆಣದ ಪಕ್ಕದಲ್ಲೇ ನಿಂತು ನನ್ನ ತೋಳನ್ನು ಬೆರಳಲ್ಲಿ ತಿಕ್ಕಿ ನೋಡಿದ.

“ಬಟ್ಟಿ ಇನ್ನೂ ಗಟ್ಟಿ ಐತಿ,” ಅಂದ. ಅಪ್ಪ ಬಿಳಿ ಅಂಗಿಯಲ್ಲಿ ಮಣ್ಣಿಗೆ ಹೋದರು. ನಾನು ಮಗನ ಮೈಗೆ ಬಂದೆ.

ಸತ್ಯಮಿತ್ರನಿಗೆ ಅಪ್ಪನ ಅಳತೆಯೇ ಇತ್ತು, ಗಂಟಲೂ ಅಪ್ಪನದೇ. ಹತ್ತಿಯ ಮಾರುಕಟ್ಟೆಯಲ್ಲಿ ದೊಡ್ಡ ಅಡತಿಯ, ಅಂದರೆ ದಲಾಲಿಯ, ಅಂಗಡಿಯೊಂದರಲ್ಲಿ ಮ್ಯಾನೇಜರ್ ಆಗಿದ್ದ. ಚರ್ಚಿನಲ್ಲಿ ಅಪ್ಪ ಕುಳಿತ ಬೆಂಚಿನ ಅದೇ ಮೂಲೆಯಲ್ಲಿ ಕುಳಿತ. ಎಲ್ಲರೂ ಏಳುವಾಗ ಎದ್ದ, ಮೊಣಕಾಲೂರುವಾಗ ಊರಿದ. ಆರಾಧನೆಯಲ್ಲಿ ಎಲ್ಲರೂ ಕೂಡಿ ಪಾಪ ಒಪ್ಪಿಕೊಳ್ಳುವ ಒಂದು ಪ್ರಾರ್ಥನೆ ಇರುತ್ತದೆ. “ನಾವು ಪಾಪ ಮಾಡಿದ್ದೇವೆ” ಎಂದು ಶುರುವಾಗುತ್ತದೆ. ಸತ್ಯಮಿತ್ರ ಅದನ್ನು ರೈಲು ಬರುವ ಸುದ್ದಿ ಸಾರುವವರ ಧ್ವನಿಯಲ್ಲಿ, ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದ. “ನಾವು” ಎಂಬುದು ಬಹಳ ಸುಖದ ಮಾತು. ಇಡೀ ಸಭೆಗೆ ಹಂಚಿಹೋದ ಪಾಪದಲ್ಲಿ ಒಬ್ಬೊಬ್ಬರ ಪಾಲಿಗೆ ಬರುವುದು ಚಿಟಿಕೆಯಷ್ಟು. ಅವನ ಎದೆಗೆ ಅಂಟಿಕೊಂಡೇ ಇದ್ದ ನನಗೆ ಗೊತ್ತು, ಆ ಮಾತು ಹೇಳುವಾಗ ಅವನ ಎದೆ ಒಂದು ಬಡಿತವನ್ನೂ ತಪ್ಪುತ್ತಿರಲಿಲ್ಲ.

ಆ ಸಭೆಯ ಬಗ್ಗೆಯೂ ಹೇಳಬೇಕು. ಅಲ್ಲಿ ಎರಡು ಪಕ್ಷ. ಒಂದು ಸತ್ಯಮಿತ್ರನದು, ಇನ್ನೊಂದು ತಿಮೊಥಿ ಹುಯಿಲಗೋಳನದು. ತಿಮೊಥಿ ಟಯರ್ ಅಂಗಡಿಯವನು, ಅಡ್ಡ ಮೈಯ, ಒರಟು ಮಾತಿನ ಮನುಷ್ಯ. ಚರ್ಚಿನ ಕಾರ್ಯದರ್ಶಿ ಯಾರು ಎಂಬುದರ ಮೇಲೆ ಇಬ್ಬರೂ ಗದಗಿನ ಕೋರ್ಟಿನಲ್ಲಿ ವರ್ಷಗಟ್ಟಲೆ ಬಡಿದಾಡುತ್ತಿದ್ದರು. ಒಬ್ಬರನ್ನೊಬ್ಬರು ನಂಬದ್ದರಿಂದ ಚರ್ಚಿನ ಬಾಗಿಲಿಗೆ ಎರಡು ಬೀಗ ಬಿದ್ದಿದ್ದವು, ಒಂದೊಂದು ಪಕ್ಷಕ್ಕೆ ಒಂದೊಂದು. ರವಿವಾರ ಬೆಳಿಗ್ಗೆ ಇಬ್ಬರೂ ಬಂದು, ಮುಖ ನೋಡದೆ, ತಮ್ಮ ತಮ್ಮ ಬೀಗ ತೆಗೆದರೆ ಮಾತ್ರ ದೇವರಿಗೆ ಸ್ತೋತ್ರ. ಒಬ್ಬನಿಗೆ ನೆಗಡಿಯಾದರೆ ಆ ವಾರ ದೇವರಿಗೂ ರಜೆ.

ಕೋರ್ಟಿನಲ್ಲಿ ಸತ್ಯಮಿತ್ರನ ಕೈಯಲ್ಲಿದ್ದ ದೊಡ್ಡ ಆಯುಧ ಒಂದು ಸುಳ್ಳು. ಒಂದು ಈಸ್ಟರ್ ಹಬ್ಬದ ದಿನ ತಿಮೊಥಿ ಕರ್ತನ ಭೋಜನದ ಮೇಜಿನ ಮುಂದೆ ತೂರಾಡಿ ಬಿದ್ದಿದ್ದ. ಜ್ವರ ಬಂದಿತ್ತು, ಮೈ ಕೆಂಡದ ಹಾಗೆ ಸುಡುತ್ತಿತ್ತು. ಅವನನ್ನು ಎತ್ತಲು ಹೋದವರಲ್ಲಿ ಸತ್ಯಮಿತ್ರನೂ ಒಬ್ಬ. ಆ ಬಿಸಿ ನನ್ನ ತೋಳಿಗೇ ತಾಗಿತ್ತು. ಆದರೆ ಸಾಕ್ಷಿಕಟ್ಟೆಯಲ್ಲಿ ಅವನು ಬೈಬಲ್ ಮುಟ್ಟಿ, “ತಿಮೊಥಿ ಕುಡಿದು ಬಂದಿದ್ದ, ವಾಸನೆ ಬರುತ್ತಿತ್ತು,” ಅಂದ. ಊರೆಲ್ಲ ಆ ಮಾತು ಹಬ್ಬಿತು. ತಿಮೊಥಿಯ ಮಗಳು ಸುಗುಣಾಳಿಗೆ ಧಾರವಾಡದ ಒಂದು ಮನೆತನದಲ್ಲಿ ಮದುವೆ ಗೊತ್ತಾಗಿತ್ತು. ಕುಡುಕನ ಮನೆಯ ಹುಡುಗಿ ಬೇಡವೆಂದು ಅವರು ಹಿಂದೆ ಸರಿದರು. ಆ ಸುದ್ದಿ ಬಂದ ದಿನ ಸತ್ಯಮಿತ್ರ ನನ್ನನ್ನು ತೊಟ್ಟುಕೊಂಡೇ ಇದ್ದ. ನನ್ನ ಒಳಗೆ ಆಗಲೂ ಎಲ್ಲ ಎಂದಿನಂತೆಯೇ ಇತ್ತು.

ಹೀಗೆ ಎಷ್ಟೋ ವರ್ಷ ಕಳೆದಮೇಲೆ ಅವನ ಎಮಿಲಿ ಅತ್ತಿ ಹಾಸಿಗೆ ಹಿಡಿದಳು. ನಥಾನಿಯೇಲಪ್ಪನವರ ತಂಗಿ, ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು, ಮದುವೆಯಾಗದವಳು. ನಾಲಗೆ ಕತ್ತರಿಯಂತಿತ್ತು. ಅಣ್ಣನ ಮನೆತನದವರನ್ನೆಲ್ಲ “ಇಸ್ತ್ರಿ ಮಾಡಿದ ಕ್ರಿಸ್ತಿಯಾನರು” ಎಂದು ಕರೆಯುತ್ತಿದ್ದಳು. ಆ ಮಾತಿನಲ್ಲಿ ನನಗೂ ಒಂದು ಪೆಟ್ಟು ಇತ್ತು. ಅವಳ ಮೈಯ ಡೆಟ್ಟಾಲ್ ವಾಸನೆ ನನಗೆ ಸೇರುತ್ತಿರಲಿಲ್ಲ.

ತಾನೇ ಕಾರ್ಯದರ್ಶಿ ಎಂದಮೇಲೆ ರೋಗಿಗಳನ್ನು ಕಾಣಬೇಕಲ್ಲ. ಸತ್ಯಮಿತ್ರ ನನ್ನನ್ನು ತೊಟ್ಟು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಹೋದ. ಎಮಿಲಿ ಒಣಗಿ ಕಡ್ಡಿಯಾಗಿದ್ದಳು, ಕಣ್ಣು ಮಾತ್ರ ಹಾಗೆಯೇ ಇದ್ದವು. ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ ಬಾರ್ಲಿ ನೀರು.

“ಹೆಂಗದೀಯವಾ ಅತ್ತಿ?”

“ಸಾಯಾಕತ್ತೇನಿ. ಪಾದ್ರಿಗಳು ಮಂಗಳೂರಿಗೆ ಹೋಗ್ಯಾರಂತ. ನೀನs ಒಂದ್ ಪ್ರಾರ್ಥನಾ ಮಾಡು.”

“ಪುಸ್ತಕ ತಂದಿಲ್ಲಲ್ಲ ಅತ್ತಿ.”

“ನನ್ನ ಸಾವು ನನ್ನದು, ಪುಸ್ತಕ ಯಾತಕ್ಕ? ನಿನ್ನ ಮಾತಿಲೆ ಮಾಡು.”

ಸತ್ಯಮಿತ್ರ ಎದ್ದು ನಿಂತ. ಕಣ್ಣು ಮುಚ್ಚಿದ. ಕೈಗಳನ್ನು ನನ್ನ ಮುಂದೆ ಜೋಡಿಸಿದ. ಆಮೇಲೆ ಏನೂ ಆಗಲಿಲ್ಲ. ಅವನ ಬೆನ್ನಿನಿಂದ ಬೆವರು ಇಳಿದು ನನ್ನ ಅಸ್ತರು ತೋಯತೊಡಗಿತು. ಕೋರ್ಟಿನಲ್ಲಿ ವಕೀಲನನ್ನೇ ಬಾಯಿ ಮುಚ್ಚಿಸಿದ ಮನುಷ್ಯ, ಸಭೆಯ ಮುಂದೆ ಗಂಟೆಗಟ್ಟಲೆ ಮಾತಾಡುವ ಮನುಷ್ಯ, ಈಗ ಬಾಯಿ ತೆರೆದು ನಿಂತಿದ್ದ. ಕೊನೆಗೆ ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಒಂದೇ ಒಂದು ಪ್ರಾರ್ಥನೆ ತಾನಾಗಿ ಹೊರಬಿತ್ತು.

“ದೇವರೇ, ನಮ್ಮ ಮುಂದಿರುವ ಇದನ್ನು ಆಶೀರ್ವದಿಸು. ಇದನ್ನು ಸಿದ್ಧಮಾಡಿದ ಕೈಗಳನ್ನು ಆಶೀರ್ವದಿಸು. ಇದು ನಮ್ಮ ಶರೀರಕ್ಕೆ ಹಿತವಾಗಲಿ. ಆಮೆನ್.”

ಊಟದ ಮುಂಚಿನ ಪ್ರಾರ್ಥನೆ! ನಾನು ನಾಚಿಕೆಯಿಂದ ಮುದುಡಿದೆ. ಎಮಿಲಿ ಅವನ ಕಡೆ ತಿರುಗಿದಳು.

“ನನ್ನ ಉಣ್ಣಾಕ ಬಂದೀಯೇನೋ?” ಅಂದಳು. ನಗತೊಡಗಿದಳು, ನಗು ಕೆಮ್ಮಾಯಿತು. ಕೆಮ್ಮು ನಿಂತಮೇಲೆ ಅವನ ಕೈ ಹಿಡಿದಳು. “ಕುಂಡ್ರು. ನಾನs ಮಾಡ್ತೇನಿ.”

ಅವಳು ಕಣ್ಣು ಮುಚ್ಚಲೂ ಇಲ್ಲ. ಪಕ್ಕದ ಕೋಣೆಯಲ್ಲಿ ಇರುವವರ ಜೊತೆ ಮಾತಾಡುವ ಹಾಗೆ ಹೇಳಿದಳು: “ತಂದಿ, ಇಂವಾ ಸತ್ಯಮಿತ್ರ. ನಮ್ಮಣ್ಣನ ಮಗ. ಹುಟ್ಟಿದಾಗಿಂದ ನಿನ್ನ ಮನಿಗೆ ಬರಾಕತ್ತಾನ, ನಿನ್ನ ಒಂದ್ ಸಲಾನೂ ಭೆಟ್ಟಿ ಆಗಿಲ್ಲ. ಇಂವನ ಕೋಟು ನಿನಗ ಗುರ್ತಿರಬಹುದು. ಒಳಗ ಒಬ್ಬಾಂವ ಅದಾನ, ಅಂವನ್ನ ಒಮ್ಮಿ ನೋಡು. ಆಮೆನ್.” ಆಮೇಲೆ ಅವನ ಕಡೆ ತಿರುಗಿ, “ಆ ಬಾಳೆಹಣ್ಣು ತಗೊಂಡ್ ಹೋಗು. ನನಗ ನುಂಗಾಕ ಬರೂದಿಲ್ಲ,” ಅಂದಳು.

ಅದೇ ವಾರ ಅವಳು ಸತ್ತಳು. ಮಣ್ಣಿನ ದಿನ ಸತ್ಯಮಿತ್ರ ಪುಸ್ತಕ ಹಿಡಿದು ಎಲ್ಲ ಸರಿಯಾಗಿ ಓದಿದ. ಆದರೆ ಅವನಲ್ಲಿ ಏನೋ ಕೆಟ್ಟುಹೋಗಿತ್ತು. ಊಟಕ್ಕೆ ಕುಳಿತರೆ ಪ್ರಾರ್ಥನೆ ಬಾಯಿಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ಹೆಂಡತಿ ಸುನೀತಿ, “ಅನ್ನ ಆರ್ತೈತ್ರಿ,” ಎಂದು ಹೇಳಿ ಹೇಳಿ ಸಾಕಾದಳು.

ಒಂದು ಬುಧವಾರ ಮಧ್ಯಾಹ್ನ ಅವನು ಇದ್ದಕ್ಕಿದ್ದಂತೆ ಕಪಾಟು ತೆರೆದು ನನ್ನನ್ನು ತೊಟ್ಟ. ಬುಧವಾರ! ಏಪ್ರಿಲ್ ತಿಂಗಳ ಬೆಟಗೇರಿಯ ಬಿಸಿಲಿನಲ್ಲಿ! ನೇಕಾರರ ಓಣಿಯ ಮಗ್ಗಗಳ ಸದ್ದಿನ ನಡುವೆ ನಡೆದು ಚರ್ಚಿಗೆ ಹೋದ. ತನ್ನ ಬೀಗ ತೆಗೆದ. ತಿಮೊಥಿಯ ಬೀಗ ಜಗ್ಗಿದ, ಬರಲಿಲ್ಲ. ತಾನೇ ಹೂಡಿದ ಆಟ, ಈಗ ತಾನೇ ಹೊರಗೆ. ಬಾಗಿಲಿಗೆ ಬೆನ್ನು ಹಚ್ಚಿ ಮೆಟ್ಟಿಲ ಮೇಲೆ, ಧೂಳಿನಲ್ಲಿ, ಕುಳಿತುಬಿಟ್ಟ. ಅಬ್ದುಲ್‌ಗನಿಯ ಹೊಲಿಗೆಗೆ ಅಂಥ ಅವಮಾನ ಎಂದೂ ಆಗಿರಲಿಲ್ಲ.

ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟ. “ನಾ ಸತ್ಯಮಿತ್ರ,” ಅಂದ. ನನ್ನ ಗುಂಡಿ ತಿರುವಿದ. “ಅತ್ತಿ ಹೇಳಿದ್ಳು. ಎಮಿಲಿ.” ಅಷ್ಟೇ. ಐವತ್ತು ದಾಟಿದ ಗಂಡಸಿನ ಮೊಟ್ಟಮೊದಲ ಸ್ವಂತ ಪ್ರಾರ್ಥನೆ ಅದು. ಶಾಲೆಗೆ ಹೊಸದಾಗಿ ಸೇರಿದ ಮಗು ಇದಕ್ಕಿಂತ ಚೆನ್ನಾಗಿ ಹೆಸರು ಹೇಳುತ್ತದೆ. ಆಮೇಲೆ ಅವನು ಅತ್ತ. ನನ್ನ ತೋಳಿನಿಂದಲೇ ಮೂಗು ಒರೆಸಿಕೊಂಡ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ: ನನ್ನ ಕೆಳಗೆ ಅಷ್ಟು ವರ್ಷ ಗಡಿಯಾರದಂತೆ ಬಡಿಯುತ್ತಿದ್ದ ಅವನ ಎದೆ ಅವತ್ತು ತಪ್ಪಿತು. ಬಿರುಸಾಯಿತು, ಆಮೇಲೆ ನಿಧಾನವಾಯಿತು. ಯಾರೋ ಪಕ್ಕದಲ್ಲಿ ಬಂದು ಕುಳಿತಾಗ ಜಾಗ ಬಿಡುವ ಹಾಗೆ ಅವನು ಒಂದಿಷ್ಟು ಸರಿದು ಕುಳಿತ. ನನಗೆ ಯಾರೂ ಕಾಣಲಿಲ್ಲ.

ಮುಂದಿನ ರವಿವಾರ ಸಭೆ ತುಂಬಿತ್ತು. ಪಾಪ ಒಪ್ಪಿಕೊಳ್ಳುವ ಪ್ರಾರ್ಥನೆ ಬಂತು. “ನಾವು ಪಾಪ ಮಾಡಿದ್ದೇವೆ” ಎಂದು ಎಲ್ಲರೂ ಶುರುಮಾಡಿ, ಪ್ರಾರ್ಥನೆಯ ಮುಂದಿನ ಸಾಲಿಗೆ ಹೋದರು. ಒಂದು ಧ್ವನಿ ಮಾತ್ರ ಹಿಂದೆ ಉಳಿದಿತ್ತು.

“ನಾನು,” ಅಂದ ಸತ್ಯಮಿತ್ರ. ಎಲ್ಲರೂ ತಿರುಗಿದರು. “ನಾನು ಸುಳ್ಳು ಹೇಳಿದೆ. ಅವತ್ತು ಈಸ್ಟರ್ ದಿನ ತಿಮೊಥಿ ಕುಡಿದಿರಲಿಲ್ಲ. ಜ್ವರ ಬಂದಿತ್ತು. ನಾನs ಹಿಡಿದು ಎತ್ತಿದ್ದೆ, ಮೈ ಸುಡ್ತಿತ್ತು. ಗೊತ್ತಿದ್ದೂ ಕೋರ್ಟಿನ್ಯಾಗ ಸುಳ್ಳು ಹೇಳಿದೆ.”

ಪಾದ್ರಿಗಳು ಕೆಮ್ಮಿ, ಮುಂದಿನ ಕೀರ್ತನೆ ಯಾವುದೆಂದು ಹೇಳಿದರು. ಪಾದ್ರಿಗಳಿಗೆ ಪಾಪ ಪುಸ್ತಕದಲ್ಲಿ ಅಚ್ಚಾದದ್ದಿರಬೇಕು, ಹಸಿಯದು ಒಗ್ಗುವುದಿಲ್ಲ. ಯಾರೂ ಹಾಡಲಿಲ್ಲ. ಆ ಕಡೆಯ ಬೆಂಚಿನಿಂದ ತಿಮೊಥಿ ಎದ್ದ.

“ಮುಗೀತೇನು?” ಅಂದ. “ನನ್ನ ಮಗಳ ಲಗ್ನ ಹರಿದುಹೋತಲ್ಲ, ಅದನ್ನ ಹೊಲೀತಿಯೇನು?”

“ಇಲ್ಲ,” ಅಂದ ಸತ್ಯಮಿತ್ರ. “ಹೊಲಿಯಾಕ ಬರೂದಿಲ್ಲ.”

“ಮತ್ತ ಯಾಕ ಹೇಳಿದಿ? ನಿನ್ನ ಹೊಟ್ಟಿ ಹಗುರ ಆಗ್ಲಿ ಅಂತ?”

ತಿಮೊಥಿ ತನ್ನವರನ್ನು ಕರೆದುಕೊಂಡು ಹೊರಗೆ ನಡೆದ. ಸತ್ಯಮಿತ್ರನ ಪಕ್ಷದವರು ಅಂಗಳದಲ್ಲಿ ಅವನನ್ನು ಮುತ್ತಿದರು. ಹುಚ್ಚು ಹಿಡಿಯಿತೇ ಎಂದು ಒಬ್ಬ, ಆ ಕಡೆಯವರಿಗೆ ಮಾರಿಕೊಂಡೆಯಾ ಎಂದು ಇನ್ನೊಬ್ಬ. ಎಷ್ಟೋ ವರ್ಷ ಅವನ ಹಿಂದೆ ಬಾಲ ಅಲ್ಲಾಡಿಸಿದ ಮಂದಿ ಅವರು. ಸುನೀತಿ ಮನೆಗೆ ಬಂದಮೇಲೆ ಅತ್ತಳು.

“ದೇವರಿಗೆ ಹೇಳೂದಿದ್ರ ಮನ್ಯಾಗ ಹೇಳಬೇಕಿತ್ತು. ಮಂದಿ ಮುಂದ ಯಾಕ? ನಾಳಿ ನಾ ನಳದ ಕಡೆ ಹೆಂಗ ಹೋಗ್ಲಿ?”

“ಸುಳ್ಳು ಮಂದಿ ಮುಂದನs ಹೇಳಿದ್ನಲ್ಲ, ಸುನೀತಿ.”

ಸಂಜೆ ಅವನು ನನ್ನನ್ನು ಕಳಚದೆಯೇ ತಿಮೊಥಿಯ ಮನೆಗೆ ಹೋದ. ತಿಮೊಥಿ ಹೊರಗೆ ಬರಲಿಲ್ಲ. ಬಾಗಿಲು ತೆರೆದವಳು ಸುಗುಣಾ. ಈಗ ಅವಳು ಶಾಲೆಯಲ್ಲಿ ಟೀಚರು, ಹಣೆಯ ಪಕ್ಕದಲ್ಲಿ ಒಂದೆರಡು ಬಿಳಿ ಕೂದಲು ಬಂದಿದ್ದವು. ಅವನು ಹೇಳಿದ್ದನ್ನೆಲ್ಲ ಬಾಗಿಲಲ್ಲಿ ನಿಂತೇ ಕೇಳಿದಳು. ಒಳಗೆ ಬನ್ನಿ ಅನ್ನಲಿಲ್ಲ.

“ಕಾಕಾ, ಅದು ಸುಳ್ಳಂತ ನನಗ ಮೊದಲs ಗೊತ್ತಿತ್ತು,” ಅಂದಳು. “ಚರ್ಚಿನ ಮಂದಿಗೂ ಅರ್ಧಕ್ಕರ್ಧ ಗೊತ್ತಿತ್ತು. ನೀವು ಹೇಳಿದ್ದು ಕೋರ್ಟಿನ್ಯಾಗ. ಅಲ್ಲಿ ಹೋಗಿ ಹೇಳ್ರಿ. ಇಲ್ಲಿ ಬಂದು ಅಳಬ್ಯಾಡ್ರಿ.”

ಅವಳ ಮಾತು ನನಗೆ ಹಿಡಿಸಿತು. ಆ ಊರಿನಲ್ಲಿ ಲೆಕ್ಕಕ್ಕೆ ತಗೊಳ್ಳಬೇಕಾದ ಮಾತು ಆಡುವವರು ಕಡಿಮೆ.

ಅವನ ವಕೀಲ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. “ಬೆನ್ನೂರ ಅವರs, ಪ್ರಮಾಣ ಮಾಡಿ ಸುಳ್ಳು ಹೇಳಿದೆ ಅಂದ್ರ ಜೈಲಿಗೂ ಹಾಕಬಹುದು. ನಿಮ್ಮ ಕೇಸು ಗೆಲ್ಲೂದರಾಗ ಐತಿ. ದೇವರ ಹತ್ರ ಬೇಕಾದ್ದು ಹೇಳ್ರಿ, ಜಡ್ಜರ ಹತ್ರ ಬ್ಯಾಡ.”

ಸತ್ಯಮಿತ್ರ ಸಾಕ್ಷಿಕಟ್ಟೆ ಹತ್ತಿದ. ಅದೇ ಕಟ್ಟೆ, ಅದೇ ಕೋಟು. ಆದರೆ ಅಲ್ಲಿಗೆ ಹೋಗುವ ಮುಂಚೆ ಕೋರ್ಟಿನ ಹೊರಗಿನ ಬೇವಿನ ಮರದ ಕೆಳಗೆ ನಿಂತು ತುಟಿ ಅಲ್ಲಾಡಿಸಿದ. “ನನಗ ಅಂಜಿಕಿ ಬರಾಕತ್ತೈತಿ. ಜೋಡಿ ಬಾ,” ಅಂದ. ಯಾರಿಗೆ ಅಂದ ಎಂದು ನೋಡಲು ದಾರಿಹೋಕನೊಬ್ಬ ಹಿಂದೆ ತಿರುಗಿದ. ನನಗೆ ನಾಚಿಕೆಯಾಯಿತು. ಅವನಿಗೆ ಆಗಲಿಲ್ಲ, ಅದೇ ನನಗೆ ಸಹಿಸಲಾಗದ ಮಾತು. ಕಟಕಟೆಯಲ್ಲಿ ಅವನು ಎಲ್ಲವನ್ನೂ ನೆಟ್ಟಗೆ ಹೇಳಿದ. ಜಡ್ಜರು ತುಂಬಿದ ಕೋರ್ಟಿನಲ್ಲಿ ಅವನಿಗೆ ಛೀಮಾರಿ ಹಾಕಿದರು. ವಯಸ್ಸು ನೋಡಿ, ತಾನಾಗಿ ಬಂದದ್ದು ನೋಡಿ, ಜೈಲಿಗೆ ಕಳಿಸಲಿಲ್ಲ. ಕೇಸು ಹೋಯಿತು. ಸುದ್ದಿ ಮಾರುಕಟ್ಟೆಗೆ ಮುಟ್ಟಿತು. ಸುಳ್ಳುಸಾಕ್ಷಿ ಎಂದು ಒಪ್ಪಿಕೊಂಡವನನ್ನು ಹಣದ ಗಲ್ಲೆಯ ಮುಂದೆ ಹೇಗೆ ಕೂರಿಸುವುದು ಎಂದು ಅಡತಿಯ ಸಾವುಕಾರ ಅವನನ್ನು ಕೆಲಸದಿಂದ ಬಿಡಿಸಿದ. ಆ ಸಾವುಕಾರ ಹತ್ತಿಗೆ ನೀರು ಸಿಂಪಡಿಸಿ ತೂಗುವವನು.

ಚರ್ಚಿನ ಬಾಗಿಲಿಗೆ ಈಗ ಒಂದೇ ಬೀಗ, ತಿಮೊಥಿಯದು. ಗೆದ್ದವನು ಒಂದು ದಿನವಾದರೂ ಕರಗಿದನೆಂದು ನೀವು ತಿಳಿದಿದ್ದರೆ ನಿಮಗೆ ಸಭೆಗಳ ಪರಿಚಯ ಇಲ್ಲ. ಸತ್ಯಮಿತ್ರನನ್ನು ಅಪ್ಪನ ಮೂಲೆಯಿಂದ ಎಬ್ಬಿಸಿ ಹಿಂದಿನ ಬೆಂಚಿಗೆ ಕಳಿಸಿದರು. ಅವನು ಹೋದ. ಆ ವಾರದಿಂದ ನನ್ನನ್ನು ಹಾಕಿಕೊಳ್ಳುವುದನ್ನೂ ಬಿಟ್ಟ. ಅರ್ಧ ತೋಳಿನ ಅಂಗಿಯಲ್ಲಿ, ಚಪ್ಪಲಿಯಲ್ಲಿ, ದೇವರ ಮನೆಗೆ! ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತ, ನುಗ್ಗೆಗಿಡಕ್ಕೆ ನೀರು ಹಾಕುತ್ತ, ಯಾರ ಜೊತೆಗೋ ಮಾತಾಡುತ್ತಿರುತ್ತಿದ್ದ. ಕಪಾಟಿನ ಬಾಗಿಲು ಅರೆ ತೆರೆದಿದ್ದರೆ ನನಗೆ ಕೇಳಿಸುತ್ತಿತ್ತು. ಭಾಷೆಯಲ್ಲಿ ಒಂದು ಗಾಂಭೀರ್ಯ ಇಲ್ಲ. “ಇವತ್ತೂ ತಿಮೊಥಿ ಮ್ಯಾಲೆ ಸಿಟ್ಟು ಬಂತು. ಏನ್ ಮಾಡ್ಲಿ?” ಎಂದೆಲ್ಲ. ಒಂದು ದಿನ ಸುನೀತಿ ಬಾಗಿಲಲ್ಲಿ ನಿಂತು ಕೇಳಿದಳು. “ಅಂವಾ ಏನಂತಾನ್ರಿ?” ಅಂದಳು, ಅಣಕವೇ ಇರಬೇಕು.

“ಭಾಳ ಏನ್ ಹೇಳೂದಿಲ್ಲ,” ಅಂದ ಸತ್ಯಮಿತ್ರ. “ಕೇಳ್ತಾನ.”

ಆಮೇಲೆ ಅವಳೂ ಹಿತ್ತಲ ಕಟ್ಟೆಯ ಮೇಲೆ ಹೋಗಿ ಕುಳಿತುಕೊಳ್ಳುವುದನ್ನು ಕಂಡೆ. ಮಾತಾಡುತ್ತಿರಲಿಲ್ಲ, ಮೆಂತೆಸೊಪ್ಪು ಬಿಡಿಸುತ್ತಿದ್ದಳು. ಗಂಡನನ್ನು ಬೈಯುವುದು ಕಡಿಮೆಯಾಗಿತ್ತು. ಅಷ್ಟೇ ನನಗೆ ಗೊತ್ತು, ಯಾಕೆಂದರೆ ಅಷ್ಟರಲ್ಲಿ ನನ್ನ ಕಾಲ ಬಂತು. ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಓಣಿಗೆ ಬಂದಳು. ಸುನೀತಿ ನನ್ನನ್ನು ಕೊಟ್ಟು ಒಂದು ಚಹಾ ಸೋಸುವ ಜಾಲರಿ ತೆಗೆದುಕೊಂಡಳು. ಆ ಹೆಂಗಸು ನನ್ನ ಕಂಕುಳನ್ನು ಮೂಸಿ ನೋಡಿ, ಜಾಲರಿಯೂ ಹೆಚ್ಚಾಯಿತು ಅಂದಳು.

ಹಾಗೆ ನಾನು ಗದಗಿನ ಬ್ಯಾಂಡ್ ಮೇಳದ ಮಸ್ತಾನಸಾಬನ ಕೈ ಸೇರಿದೆ. ಅವನು ನನ್ನ ಭುಜಕ್ಕೆ ಹಳದಿ ಜೂಲು, ಕಾಲರಿಗೆ ಕೆಂಪು ಪಟ್ಟಿ ಹೊಲಿದ. ಹೊಲಿಗೆ ಅಂತ ಅದಕ್ಕೆ ಅನ್ನಬಾರದು. ಕ್ಲಾರಿಯೊನೆಟ್ ಊದುವವನೊಬ್ಬನ ಬೆವರಿನಲ್ಲಿ ಮದುವೆ ಮೆರವಣಿಗೆಗಳಲ್ಲಿ ಕುಣಿದೆ. ಮೊಣಕೈ ಹರಿಯಿತು, ಜೂಲು ಉದುರಿತು. ಕೊನೆಗೆ ನನ್ನನ್ನು ಸುತ್ತಿ, ದೊಡ್ಡ ಡೋಲು ಉರುಳದಂತೆ ಅದರ ಅಡಿಗೆ ಒತ್ತುಕೊಟ್ಟು ಇಟ್ಟರು. ಅಲ್ಲಿಯೇ ಇದ್ದೇನೆ. ಡೋಲು ಒಳಗೆ ಖಾಲಿ, ಮೇಲೆ ಬಡಿದರೆ ಭಾರೀ ಸದ್ದು. ಅಂಥವರ ಸಹವಾಸ ನನಗೆ ಹೊಸದಲ್ಲ.

ಇತ್ತೀಚೆಗೆ ಒಂದು ದಿನ ಸತ್ಯಮಿತ್ರ ಅಂಗಡಿಗೆ ಬಂದ. ಕೂದಲೆಲ್ಲ ಬೆಳ್ಳಗಾಗಿತ್ತು. ಈಸ್ಟರ್ ಮೆರವಣಿಗೆಗೆ ಬ್ಯಾಂಡ್ ಗೊತ್ತುಮಾಡಲು ತಿಮೊಥಿ ಕಳಿಸಿದ್ದನಂತೆ.

“ಸಿಕ್ರೆಟ್ರಿ ಸಾಹೇಬ್ರು ತಾವs ಬರಲಿಲ್ಲೇನ್ರಿ?” ಎಂದು ಮಸ್ತಾನಸಾಬ ಕೇಳಿದ.

“ಅಂವಗ ಕಾಲ್ ನೋವು. ‘ನೀ ಹೋಗಿ ಬಾ, ಲಗೂನ ಬಾ, ಹಾದ್ಯಾಗ ಮಾತಾಡಕೋಂತ ನಿಂದ್ರಬ್ಯಾಡ’ ಅಂದ,” ಎಂದು ಸತ್ಯಮಿತ್ರ ನಕ್ಕ. “ಮದಲ ನನ್ನ ಜೋಡಿ ಮಾತs ಆಡ್ತಿರಲಿಲ್ಲ. ಈಗ ಬೈತಾನ. ಭಾಳ ಸುಧಾರಿಸ್ಯಾನ.”

ಮಾತು ಮುಗಿಸಿ ಹೊರಟವನು ಡೋಲಿನ ಅಡಿಗೆ ನೋಡಿದ. ಬಗ್ಗಿದ. ನನ್ನ ಅಂಚು ಎಳೆದು ಬೆರಳಲ್ಲಿ ತಿಕ್ಕಿದ.

“ಪರಿಚಯದ ಕೋಟೇನ್ರಿ?”

“ಹೌದು. ಇದರೊಳಗ ಮದಲ ಒಬ್ಬಾಂವ ಇರ್ತಿದ್ದ, ಮಸ್ತಾನಸಾಬ. ಭಾರೀ ದೊಡ್ಡ ಮನುಷ್ಯಾ.”

“ಯಾರ್ರಿ ಅಂವಾ?”

ಸತ್ಯಮಿತ್ರ ಯೋಚಿಸುವವನಂತೆ ನಿಂತ. “ಮುಖ ನೆನಪಾಗವಲ್ದು,” ಅಂದ. ನನ್ನನ್ನು ಮೊದಲಿನ ಹಾಗೆ ಡೋಲಿನ ಕೆಳಗೆ ತುರುಕಿ, ಲಗುಬಗೆಯಿಂದ ಬಿಸಿಲಿಗೆ ಇಳಿದು ಹೋದ. ಬೀದಿಯಲ್ಲಿ ಹೋಗುತ್ತಲೇ ಯಾರಿಗೋ ಏನೋ ಹೇಳುತ್ತಿದ್ದ.

ನನಗೆ ನೆನಪಿದೆ. ಬಾಯಿದ್ದರೆ ಮಸ್ತಾನಸಾಬನಿಗೆ ಹೇಳುತ್ತಿದ್ದೆ: ಒಳಗೆ ಯಾರೂ ಇರಲಿಲ್ಲ ಮಾರಾಯ. ಅಷ್ಟು ರವಿವಾರ ತಪ್ಪದೆ ಹೋಗಿ, ಎದ್ದು ಕುಳಿತು, ಮೊಣಕಾಲೂರಿ ಬಂದವನು ನಾನೊಬ್ಬನೇ. ಎಲ್ಲಿಗೆ ಬಂದು ಮುಟ್ಟಿದ್ದೇನೆ, ನೋಡಿ.